ಎಡಗಡೆಯ ದನಿ

…ಅಲ್ಲ, ನಗೋವಂಥದ್ದೇನಿದೆ ಇದರಲ್ಲಿ? ಹೂಂ, ನಾಲ್ಕು ದಿನ ಹಿಡೀತು. ಒಂದೇ ಒಂದು ಕ್ಯಾಸೆಟ್ಟಿಗೆ ನಾಲ್ಕು ದಿನ! ಇದೇನು ಹಾಲು ಕಾಯಿಸೋ ಕೆಲಸ ಅಂದ್ಕೊಂಡ್ಯಾ, ಒಲೆ ಮೇಲಿಟ್ಟು ಈ ಕಡೆ ತಿರುಗೋಷ್ಟರಲ್ಲಿ ಉಕ್ಕಿ ಬರೋಕೆ? ಕೂತ್ಕೋ ಅಕ್ಕ. ಆ ಸ್ಟೂಲು ಬೇಡ, ಅದರ ಒಂದು ಕಾಲು ಅಲ್ಲಾಡತ್ತೆ. ಈ ಕುರ್ಚಿ ತಗೋ. ಮೇಲಿರೋ ಕ್ಯಾಸೆಟ್ಟೆಲ್ಲ ನೆಲಕ್ಕಿಡು… ಪರವಾಗಿಲ್ಲ ಇಡೇ, ಯಾರೂ ವಾಪಸ್ ಕೇಳ್ಕೊಂಡು ಬರದೇ ಇರೋ ಮದುವೆಗಳು ಅವು.

ಫ್ಯಾನ್ ಹಾಕಲ್ಲ. ಧೂಳೆದ್ದು ರೀಲಿನ ಮೇಲೆ ಕೂರತ್ತೆ. ಸೆಕೆ ಆದ್ರೆ ತಡ್ಕೋ. ತಡ್ಕೊಳ್ಳೋದ್ರಲ್ಲಿ ನಿಂದು ಎತ್ತಿದ ಕೈ ಅಲ್ವಾ!

ಏನು ಸುತ್ತ ನೋಡ್ತಿದೀಯ? ಬದಲಾಗಿದೆ ಅಂತನಾ? ನೀನು ಈ ಅಂಗಡಿಗೆ ಕಾಲಿಟ್ಟು ಇಪ್ಪತ್ತೆರಡು ವರ್ಷ ಆಯ್ತಮ್ಮ, ಗೋಡೆ ಬಣ್ಣನೂ ಬದಲಾಗ್ಬಾರ್ದಾ? ಆಗ ಕ್ಯಾಸೆಟ್ ಬಾಡಿಗೆಗೆ ಕೊಡ್ತಿದ್ದೆ. ಆಮೇಲೆ ಕ್ಯಾಸೆಟ್ಟಿಂದ ಡಿಸ್ಕಿಗೆ ಇಳಿಸಿಕೊಟ್ಟೆ. ಈಗ ಅದೇ ಜನ, ಅದೇ ಮದುವೆ, ಅದೇ ಹುಟ್ಟುಹಬ್ಬ, ಎಲ್ಲ ಪೆನ್ ಡ್ರೈವಿಗೆ. ಒಬ್ಬರ ಮನೆ ಟಿವಿಗೆ ಹಿಡಿಸಿದ್ದು ಇನ್ನೊಬ್ಬರ ಮನೆ ಟಿವಿಗೆ ಹಿಡಿಸಲ್ಲ ಕಣೇ. ಒಂದರಲ್ಲಿ ಚಿತ್ರ ಬಂದ್ರೆ ಮಾತು ಬರಲ್ಲ, ಇನ್ನೊಂದರಲ್ಲಿ ಮಾತು ಬಂದ್ರೆ ಚಿತ್ರ ಕುಂಟುತ್ತೆ. ಹಲ್ಲು ಬರದ ಮಗುವಿಗೆ ಕಲಸಿ ಕೊಟ್ಟ ಹಾಗೆ, ಅವರವರ ಟಿವಿಗೆ ತಕ್ಕ ಹಾಗೆ ಮಾಡಿಕೊಡಬೇಕು. ಅದೇ ನನ್ನ ಹೊಟ್ಟೆಪಾಡು.

ಊರಿಗೆಲ್ಲ ಇಷ್ಟು ಮಾಡೋಳ ಮನೆಯಲ್ಲೇ ಏನಾಯ್ತು ಗೊತ್ತಾ? ನಾಳೆ ಅಮ್ಮನಿಗೆ ಎಂಬತ್ತು ತುಂಬತ್ತಲ್ಲ, ಅಂತ ಹೊಸ ಟಿವಿ ತಂದೆ. ಗೋಡೆ ಅಗಲ ಇದೆ! ಏನು ನೋಡ್ತೀಯಮ್ಮ ಅಂದೆ. "ನಿಮ್ಮಪ್ಪ ಕಾರ್ಖಾನೆಯಿಂದ ರಿಟೈರಾದ ದಿನ ಮಾತಾಡಿದ್ರಲ್ಲ, ಅದು ಹಾಕು" ಅಂದ್ಲು. ಹಳೇ ಡಿಸ್ಕಿನಲ್ಲಿದ್ದ ಫೈಲ್ ಹಾಕಿದೆ. "ಈ ಫೈಲ್ ತೆರೆಯಲು ಸಾಧ್ಯವಿಲ್ಲ" ಅಂತು ಟಿವಿ. ಅಮ್ಮ ಪರದೆ ನೋಡಿ, "ಇದೂ ನಿಮ್ಮಕ್ಕನ ಹಾಗೇ ಆಯ್ತಲ್ಲೇ, ಏನು ಮಾಡಿದ್ರೂ ಬಾಯಿ ಬಿಡಲ್ಲ" ಅಂದ್ಲು!

ನಗು, ನಗು. ನಾನೂ ನಕ್ಕೆ. ಆದ್ರೆ ಅಲ್ಲಿಗೇ ನಿಲ್ಲಿಸಲಿಲ್ಲ ಅಮ್ಮ. ರಿಮೋಟ್ ಕೆಳಗಿಟ್ಟು, "ಹುಟ್ಟುಹಬ್ಬಕ್ಕೆ ದೊಡ್ಡವಳನ್ನೂ ಕರಿ. ಸಾಕು, ಇನ್ನೆಷ್ಟು ದಿನ" ಅಂದ್ಲು.

…ಅಳ್ಬೇಡ. ಅಳ್ಬೇಡ ಅಂದ್ನಲ್ಲ! ನನ್ನ ಮಾತಿನ್ನೂ ಮುಗಿದಿಲ್ಲ.

ಇಪ್ಪತ್ತೆರಡು ವರ್ಷ ನಿನ್ನ ಹತ್ರ ಒಂದು ಮಾತಾಡದ ಅಮ್ಮ. ನೀನು ಬಾಗಿಲಿಗೆ ಬಂದ್ರೆ ಒಳಗಿನ ಕೋಣೆಗೆ ಎದ್ದು ಹೋಗ್ತಿದ್ದ ಅಮ್ಮ. ಅಪ್ಪ ಹೋದ ದಿನಾನೂ ನಿನ್ನ ಕೈ ತಳ್ಳಿ ನನ್ನ ಹೆಗಲು ಹುಡುಕಿದ ಅಮ್ಮ! ಒಂದು ಟಿವಿ ಓಡಲಿಲ್ಲ ಅಂತ ಕರಗಿಬಿಟ್ಲಲ್ಲ… ನನ್ನ ಹೊಟ್ಟೆ ಎಷ್ಟು ಉರಿದಿರಬೇಡ ಹೇಳು. ಸುಳ್ಳು ಯಾಕೆ ಹೇಳ್ಲಿ? ಧಗಧಗ ಉರೀತು. ನನ್ನ ಬಾಳು ಮುರಿದೋಳು ಗಂಡ, ಮಗಳು ಸಮೇತ ಬಂದು ಅಮ್ಮನ ಪಕ್ಕ ಕೂತ್ಕೊಳ್ಳೋದು, ನಾನು ನಿಮಗೆಲ್ಲ ಟೀ ತಂದು ಕೊಡೋದು! ಚೆನ್ನಾಗಿದೆ!

ಏನು, ತಲೆ ಯಾಕೆ ತಗ್ಗಿಸ್ತೀಯ? ಬಾಳು ಮುರಿದೋಳು ಅನ್ನೋ ಮಾತು ಚುಚ್ತಾ? ಮತ್ತೆ ಏನನ್ಬೇಕು? ಅವತ್ತು ಅಪ್ಪ ಸ್ಟೇಜ್ ಮೇಲೆ ನಿಂತು, ಊಟ ಆದ್ಮೇಲೆ ಒಂದು ಸಿಹಿ ಸುದ್ದಿ ಹೇಳ್ತೀನಿ ಅಂತ ಎಲ್ಲರಿಗೂ ಹೇಳಿಟ್ಟಿದ್ರು. ನಂದು ಮತ್ತೆ ಆ ಕನ್ನಡಕದ ಅಂಗಡಿಯವನ ಮದುವೆ ಸುದ್ದಿ. ಊಟ ಆಯ್ತು. ಅಪ್ಪ ಮೈಕ್ ಹಿಡಿದ್ರು. ಅವನ ಕುರ್ಚಿ ಖಾಲಿ! ಅಪ್ಪ ಮೈಕ್ ಹಿಡಿದೇ ಕಣ್ಣಲ್ಲಿ ಹುಡುಕಿದ್ರು, ಹುಡುಕಿದ್ರು… ಕೊನೆಗೆ ಅಡಿಗೆಯವರಿಗೆ ವಂದನೆ ಹೇಳಿ ಇಳಿದುಬಿಟ್ರು. ಇದೆ ಕ್ಯಾಸೆಟ್ಟಿನಲ್ಲಿ. ಅಪ್ಪನ ಆ ಮುಖ ಇದೆ. ನಾಲ್ಕು ದಿನದಲ್ಲಿ ನಲವತ್ತು ಸಲ ನೋಡಿದೀನಿ.

ಮಾರನೇ ದಿನ ಅಮ್ಮ ಅವನ ಅಂಗಡಿಗೇ ಹೋಗಿ ಕೇಳಿದ್ಲು. "ನಿಮ್ಮ ದೊಡ್ಡ ಮಗಳನ್ನೇ ಕೇಳಿ" ಅಂದ. ನಿನ್ನನ್ನ ಕೇಳಿದ್ರೆ? ಗೋಡೆ! ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಬೈದ್ರೂ ಇಲ್ಲ, ಅತ್ರೂ ಇಲ್ಲ.

ಅವನು ಆರೇ ತಿಂಗಳಲ್ಲಿ ಮದುವೆ ಆದ. ಹೋದ ವರ್ಷ ಇಲ್ಲಿಗೆ ಬಂದಿದ್ದ, ಗೊತ್ತಾ? ಇದೇ ಕುರ್ಚಿ ಮೇಲೆ ಕೂತಿದ್ದ. ಒಂದು ಚೀಲ ಕ್ಯಾಸೆಟ್ ತಂದಿದ್ದ, ಮನೆ ಟಿವಿಯಲ್ಲಿ ಓಡೋ ಹಾಗೆ ಮಾಡಿಕೊಡಿ ಅಂತ. ಮಾಡಿಕೊಡಿ ಅಂತೆ, ಬಹುವಚನ! ಮಾಡಿಕೊಟ್ಟೆ. ಅವನು ಮಗಳಿಗೆ ಸೈಕಲ್ ಕಲಿಸೋದು, ಹೆಂಡತಿ ಸಮುದ್ರದಲ್ಲಿ ಕಾಲು ನೆನೆಸಿಕೊಂಡು ಕಿರುಚೋದು, ಅವರ ಮನೆಯ ಪರದೆ, ದಿಂಬು, ನಾಯಿ… ಒಂದೊಂದನ್ನೂ ಕೂತು ಇಳಿಸಿದೆ. ಶಬ್ದ ಸರಿ ಇದೆಯಾ ಅಂತ ಕಿವಿ ಕೊಟ್ಟು ಕೇಳಿ ನೋಡಿ ಕೊಟ್ಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನನಗೆ ಆ ತುತ್ತನ್ನ ಬೇರೆಯವರು ತಿನ್ನೋದನ್ನ ಹದಿನಾರು ಗಂಟೆ ನೋಡೋ ಭಾಗ್ಯಾನೂ ಸಿಕ್ತು.

ನಿನಗೇನು? ಭಾವ ಈಗಲೂ ನಿನ್ನ ಚಪ್ಪಲಿ ಕಿತ್ತುಹೋದ್ರೆ ತಾವೇ ತಗೊಂಡು ಹೋಗಿ ಹೊಲಿಸಿಕೊಂಡು ಬರ್ತಾರೆ. ನನ್ನ ಚಪ್ಪಲಿ ಕಿತ್ತುಹೋದ್ರೆ ನಾನೇ ಬರಿಗಾಲಲ್ಲಿ ನಡೀಬೇಕು.

ಆಯ್ತು ಬಿಡು. ಈಗ ಮಜಾ ಕೇಳು.

ಡಿಸ್ಕ್ ಓಡಲಿಲ್ಲ ಅಂತ ಅಟ್ಟ ಹತ್ತಿ ಮೂಲ ಕ್ಯಾಸೆಟ್ ತೆಗೆದೆ. ಡಿಸ್ಕಿನಲ್ಲಿ ಊಟದ ಭಾಗಕ್ಕೆಲ್ಲ ಕ್ಯಾಮೆರಾದವರೇ ಯಾವುದೋ ಪೀಪಿ ಸಂಗೀತ ತುಂಬಿ ಕೊಟ್ಟಿದ್ರು, ನೆನಪಿದೆಯಾ? ಮೂಲದಲ್ಲಿ ಸಂಗೀತ ಇಲ್ಲ. ಅವತ್ತು ಕಾರ್ಯಕ್ರಮ ನಡೆಸಿಕೊಟ್ಟೋಳು ನೀನು. ಆ ಕ್ಯಾಮೆರಾದವನು ನಿನ್ನ ಕಾಲರಿಗೆ ಸಣ್ಣ ಮೈಕ್ ಸಿಕ್ಕಿಸಿದ್ದ. ಊಟದ ಹೊತ್ತಿಗೆ ಅದನ್ನ ಆಫ್ ಮಾಡೋದೇ ಮರೆತುಬಿಟ್ಟ ಪುಣ್ಯಾತ್ಮ! ಚಿತ್ರದಲ್ಲಿ ಜನ ಸಾಲಾಗಿ ಕೂತು ಊಟ ಮಾಡ್ತಿದಾರೆ, ಕಾರ್ಖಾನೆ ಮ್ಯಾನೇಜರ್ ಬೆರಳು ನೆಕ್ತಿದಾನೆ… ಮಾತು ಮಾತ್ರ ಮೆಟ್ಟಿಲ ಹತ್ರದ್ದು. ನಿಂದು.

ತಗೋ, ಹೆಡ್‌ಫೋನ್ ಹಾಕ್ಕೋ. ಹಾಕ್ಕೊಳ್ಳೇ, ಕಚ್ಚಲ್ಲ. …ಬಂತಾ? "ಅವಳಿಗೆ ನೀವು ಬೇಡ. ಅವಳ ಮನಸ್ಸಲ್ಲಿ ನೀವಿಲ್ಲ. ಯಾಕೆ ಅಂತ ನನ್ನ ಕೇಳ್ಬೇಡಿ, ಈಗಲೇ ಹೊರಟುಬಿಡಿ." ಯಾರ ದನಿ ಇದು? ನಂದಾ? ಪಕ್ಕದ ಮನೆಯವಳದ್ದಾ? ಎಷ್ಟು ಸ್ಪಷ್ಟವಾಗಿದೆ ನೋಡು! ನೀನು ಉಸಿರು ಎಳ್ಕೊಂಡಿದ್ದೂ ಕೇಳತ್ತೆ. ಕ್ಯಾಸೆಟ್ಟಿನಲ್ಲಿ ಶಬ್ದಕ್ಕೆ ಎಡ, ಬಲ ಅಂತ ಎರಡು ಟ್ರ್ಯಾಕ್ ಇರತ್ತೆ; ಎಡಗಡೇದೊಂದನ್ನೇ ಬಿಡಿಸಿ, ಗೊರಗೊರ ತೆಗೆದು, ಅದನ್ನೇ ಎರಡೂ ಕಡೆಗೆ ಹಾಕಿದೀನಿ. ಇನ್ನು ಯಾವ ಟಿವಿಗೆ ಹಾಕಿದ್ರೂ ಗಂಟಲು ಬಿಚ್ಚಿ ಹೇಳತ್ತೆ.

ನಾಳೆ ಇದು ಓಡತ್ತೆ. ಅಮ್ಮ ಮುಂದಿನ ಸಾಲಲ್ಲಿ ಕೂತಿರ್ತಾಳೆ. ಚಿಕ್ಕಪ್ಪನ ಮನೆಯವರೆಲ್ಲ ಇರ್ತಾರೆ. ನಿನ್ನ ಮಗಳು ಅಜ್ಜಿ ತೊಡೆ ಮೇಲೆ ಕೈಯಿಟ್ಟು ಕೂತಿರ್ತಾಳೆ. ಅಪ್ಪನ ಭಾಷಣ ಮುಗಿಯತ್ತೆ, ಎಲ್ಲ ಕಣ್ಣು ಒರೆಸ್ಕೋತಾರೆ, ಊಟ ಶುರು ಆಗತ್ತೆ… ಆಮೇಲೆ ಗೋಡೆ ಅಗಲದ ಟಿವಿಯಿಂದ ನಿನ್ನ ದನಿ! ಭಾವನ ಮುಖ ನೋಡ್ಬೇಕು ನಾನು. ಅಮ್ಮ ಎದ್ದು ಒಳಗಿನ ಕೋಣೆಗೆ ಹೋಗೋದನ್ನ ಇನ್ನೊಂದ್ಸಲ ನೋಡ್ಬೇಕು. ಅದಕ್ಕೇ ನಿನ್ನ ಕರೆಸಿದ್ದು. ಪೆನ್ ಡ್ರೈವ್ ನೀನೇ ತಗೊಂಡು ಹೋಗು, ನೀನೇ ಸಿಕ್ಕಿಸು. "ನಿನ್ನ ದೊಡ್ಡ ಮಗಳೇ ತಂದಿದ್ದು" ಅಂತ ಅಮ್ಮನಿಗೆ ನಾನೇ ಹೇಳ್ತೀನಿ. ಉಪ್ಪು ತಿಂದೋರು ನೀರು ಕುಡೀಬೇಕು, ಅಕ್ಕ. ಸ್ವಲ್ಪ ತಡ ಆಯ್ತು ಅಷ್ಟೆ.

ಏನಾದ್ರೂ ಹೇಳು. ಬೈಯಿ. ಕಾಲು ಹಿಡ್ಕೋ, ಬೇಡ ಕಣೇ ಅನ್ನು. ಅದನ್ನ ಕೇಳೋಕೇ ಅಲ್ವಾ ನಾಲ್ಕು ದಿನ ಕಾದಿದ್ದು?

…ಯಾಕೆ, ಅಲ್ಲಿ ಏನು ಬೆರಳಿಡ್ತಿದೀಯ? ಪರದೆಗೆ ಗುರುತು ಬೀಳತ್ತೆ, ತೆಗಿ. ಅದು ನಾನು. ಹೌದು, ನಾನೇ, ಕಂಬದ ಪಕ್ಕ ನಿಂತಿದೀನಿ. ಎಷ್ಟು ಸಣ್ಣಗಿದ್ದೆ ಅಲ್ವಾ? ಕತ್ತಿನ ಹತ್ರ… ಯಾವುದು? ಅದಾ? ಅದು ಪಿನ್ನು. ಪಿನ್ನು ಕಣೇ. ಹಾಗ್ಯಾಕೆ ನೋಡ್ತೀಯ ನನ್ನ… ಪಿನ್ನಿಗೆ ತಂತಿ ಇರಲ್ಲ ಅಂತನಾ?

ಸರಿ. ಮೈಕು. ಅಪ್ಪನಿಗೆ ಬೀಳ್ಕೊಡುಗೆ ಪತ್ರ ಓದೋಳು ನಾನಲ್ವಾ, ನನಗೂ ಸಿಕ್ಕಿಸಿದ್ದ. ಎಡಗಡೆ ನಿಂದು, ಬಲಗಡೆ ನಂದು. ಬಲಗಡೆ ಏನೂ ಇರಲಿಲ್ಲ. ಬಟ್ಟೆ ಸವರೋ ಸದ್ದು. ಕೇಳೋ ಹಾಗಿರಲಿಲ್ಲ, ತೆಗೆದುಬಿಟ್ಟೆ. ಗಿರಾಕಿಗಳಿಗೂ ಹಾಗೇ ಮಾಡಿಕೊಡ್ತೀನಿ, ಬೇಕಾದ್ರೆ ಯಾರನ್ನಾದ್ರೂ ಕೇಳು…

ಹಾಗೆ ನೋಡ್ಬೇಡ.

ನೋಡ್ಬೇಡ ಅಂದ್ನಲ್ಲ ಅಕ್ಕ! ಏನಾದ್ರೂ ಕೇಳು, ಸುಮ್ನೆ ನೋಡ್ತಾ ಕೂರ್ಬೇಡ. ಬಲಗಡೆ ಏನಿತ್ತು ಅಂತ ಕೇಳು. ಕೇಳಲ್ಲ ಅಲ್ವಾ? ಯಾಕೆ ಕೇಳ್ತೀಯ, ನಿನಗೆ ಗೊತ್ತು. ಬಾಯಿಪಾಠ ಬರತ್ತೆ ನಿನಗೆ.

"ನನಗೆ ಭಯ ಆಗ್ತಿದೆ ಅಕ್ಕ. ಅಪ್ಪ ಎಲ್ಲರ ಮುಂದೆ ಹೇಳ್ಬಿಟ್ರೆ ಮುಗೀತು. ನನಗೆ ಬೇಡ ಈ ಮದುವೆ. ಅವನಿಗೆ ನೀನೇ ಹೇಳು. ಹೇಳಕ್ಕ, ಹೇಳ್ಬಿಡು ಬೇಗ…" ಬಾಗಿಲ ಹಿಂದೆ ನಿಂತು ಅಳ್ತಾ ಇದೀನಿ. ನಾನೇ! "ನಾನು ಹೇಳಿಸಿದೆ ಅಂತ ಯಾರಿಗೂ ಗೊತ್ತಾಗಬಾರ್ದು. ಅಮ್ಮನಿಗಂತೂ ಬೇಡವೇ ಬೇಡ. ನನ್ನ ಮೇಲೆ ಆಣೆ ಮಾಡು." ಆಗ ನೀನೇನು ಮಾಡಿದೆ? ತಲೆ ಆಡಿಸಿದೆ. ಬರೀ ತಲೆ. ಅದು ಯಾವ ಮೈಕಿಗೂ ಸಿಗಲ್ಲ. ಎಡಗಡೆ ಹುಡುಕಿದೆ ಕಣೇ, ದೇವರಾಣೆಗೂ ಹುಡುಕಿದೆ. ಒಂದು "ಹೂಂ" ಆದ್ರೂ ಇರತ್ತೇನೋ ಅಂತ. ಇರಲಿಲ್ಲ.

ಒಂದು ವಾರ, ಅಷ್ಟೇ. ಒಂದೇ ವಾರಕ್ಕೆ ಅವನು ಬೇಕು ಅನ್ನಿಸ್ತು. ಅಷ್ಟರಲ್ಲಿ ಅಮ್ಮ ನನ್ನ ತಲೆ ಸವರ್ತಾ, "ನಿಮ್ಮಕ್ಕ ನಿನ್ನ ಬಾಳು ಹಾಳು ಮಾಡಿದ್ಲು" ಅಂತ ಅಳ್ತಾ ಕೂತಿದ್ಲು. ನಾನು ಹೂಂ ಅಂದೆ. ಒಂದ್ಸಲ ಹೂಂ ಅಂದಿದ್ದಷ್ಟೇ. ಅದನ್ನ ವಾಪಸ್ ತಗೊಳ್ಳೋಕೆ ದಿನಾ ನೋಡ್ದೆ, ಆಗಲಿಲ್ಲ; ಮಾತು ಆಡಿದ್ರೆ ಹೋಯ್ತು ಅಂತಾರಲ್ಲ, ಹಾಗೆ. ಹತ್ತು ವರ್ಷ ಆದ್ಮೇಲೆ ನನಗೇ ಅದು ನಿಜ ಅನ್ನಿಸೋಕೆ ಶುರುವಾಯ್ತು. ಆಣೆ ನೆನಪಾದ್ರೆ, ಕನಸೇನೋ ಅಂದ್ಕೊಳ್ತಿದ್ದೆ. ಈ ದರಿದ್ರ ಕ್ಯಾಸೆಟ್ ಸಿಗೋ ತನಕ!

ತಪ್ಪು ನಿಂದೂ ಇದೆ! ಇದೆ! ಇಪ್ಪತ್ತು ದಾಟಿದ ಹುಡುಗಿ ಹೆದರಿಕೊಂಡು ಏನೋ ಅಂದ್ಲು ಅಂತ ನೀನು ಹೋಗಿ ಹೇಳೇಬಿಡೋದಾ? ದೊಡ್ಡವಳಲ್ವಾ ನೀನು? ಕೆನ್ನೆಗೆ ಎರಡು ಬಿಟ್ಟು, "ಸುಮ್ನೆ ಹೋಗಿ ಕೂತ್ಕೋ" ಅನ್ನಬೇಕಿತ್ತು. ಸಣ್ಣವಳಿದ್ದಾಗ ಕೇಳಿದ್ದೆಲ್ಲ ತಂದುಕೊಟ್ಟ ಹಾಗೆ ಇದನ್ನೂ ಕೊಟ್ಬಿಟ್ಟೆಯಲ್ಲೇ…

ಏನು ಮಾಡ್ತಿದೀಯ? ಪೆನ್ ಡ್ರೈವ್ ಯಾಕೆ ಚೀಲಕ್ಕೆ ಹಾಕ್ಕೊಳ್ತಿದೀಯ? ಅದು ಬೇಡ. ಇಡು ಇಲ್ಲಿ. ಅದರಲ್ಲಿ ನಿನ್ನ ದನಿ ಒಂದೇ ಇದೆ ಕಣೇ! ಬಲಗಡೇದೂ ಇದೆ ನನ್ನ ಹತ್ರ, ಅಳಿಸಿಲ್ಲ, ಅಳಿಸೋಕೆ ಕೈ ಬರಲಿಲ್ಲ. ಒಂದು ಗಂಟೆ ಕೂತ್ಕೋ, ಎರಡೂ ಸೇರಿಸಿ ಹೊಸದಾಗಿ ಮಾಡಿಕೊಡ್ತೀನಿ. ಇಲ್ಲಾಂದ್ರೆ ಊಟದ ಭಾಗಕ್ಕೆ ಮತ್ತೆ ಆ ಪೀಪಿನೇ ಹಾಕ್ತೀನಿ. ಅಕ್ಕ, ಎದ್ದೇಳ್ಬೇಡ… ಇದನ್ನ ಕೇಳಿದ್ರೆ ಅಮ್ಮ ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ, ಗೊತ್ತು ತಾನೇ?

ಗೊತ್ತಿದ್ದೂ ತಗೊಂಡು ಹೋಗ್ತೀಯಾ?

ಬಾಗಿಲಲ್ಲಿ ನಿಂತು ತಲೆ ಆಡಿಸ್ಬೇಡ! ಆಣೆ ವಾಪಸ್ ತಗೊಂಡೆ ಕಣೇ, ತಗೊಂಡೆ! ಬಾಯಿ ಬಿಡು. "ನೀನೇ ಹೇಳಿಸಿದ್ದು" ಅಂತ ಒಂದ್ಸಲ ಅನ್ನು. ಇಲ್ಲಿ ಯಾರೂ ಇಲ್ಲ, ಅಮ್ಮ ಇಲ್ಲ… ಅಕ್ಕ, ನನಗಾದ್ರೂ ಹೇಳೇ!