ಖಾಲಿ ಹಾಳೆಗಳು

ಗಂಡನನ್ನು ಮಣ್ಣು ಮಾಡಿ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ, ಮೇಷ್ಟ್ರ ಹೆಂಡತಿ ಅವರು ಮನೆಗೆ ತಂದಿದ್ದ ಮಕ್ಕಳ ನೋಟ್‌ಬುಕ್‌ಗಳ ಚೀಲ ಹಿಡಿದು ಶಾಲೆಯ ಆಫೀಸಿನ ಮುಂದೆ ಸಾಲಿನಲ್ಲಿ ನಿಂತಳು. ಮುಂದಿದ್ದ ತಾಯಿಯೊಬ್ಬಳನ್ನು ಶಾಲೆಯ ಅಡುಗೆಯವಳು ತರಾಟೆಗೆ ತೆಗೆದುಕೊಂಡಿದ್ದಳು.

“ದೊಡ್ಡವಳನ್ನ ಶಾಲೆ ಬಿಡಿಸ್ತೀಯೇನೇ? ಇಲ್ಲಿ ಒಂದ್ ಹೊತ್ತಿನ ಊಟನಾದ್ರೂ ಸಿಗುತ್ತಲ್ಲೇ!”

“ಅವಳೊಬ್ಬಳ ಹೊಟ್ಟೆ ತುಂಬುತ್ತೆ ಅಕ್ಕಾ. ಅವಳು ದುಡಿದ್ರೆ ಮನೇಲಿರೋ ಚಿಕ್ಕವೆರಡೂ ತಿಂತಾವೆ.”

“ಮೇಷ್ಟ್ರು ಇದ್ದಿದ್ರೆ ನಿನ್ನ ಬಾಗಿಲಿಗೇ ಬಂದು ಬೈತಿದ್ರು.”

“ಬಂದಿದ್ರು. ಹಾಸ್ಟೆಲ್ ಸೀಟು ಕೊಡಿಸ್ತೀನಿ, ಊಟಾನೂ ಅಲ್ಲೇ ಅಂತ, ಅಲ್ಲಿ ತೋರಿಸೋಕೆ ಅವಳ ನೋಟ್‌ಬುಕ್ ಇಸ್ಕೊಂಡು ಹೋದ್ರು. ಆಮೇಲೆ ಅವರೇ ಹೋಗ್ಬಿಟ್ರು.”

ಮೇಷ್ಟ್ರ ಹೆಂಡತಿ ಚೀಲದಿಂದ ನೋಟ್‌ಬುಕ್ ತೆಗೆದು ಕೊಟ್ಟಳು. ಇನ್ನೂ ತುಂಬದ ಹಾಸ್ಟೆಲ್ ಅರ್ಜಿ ಅದರೊಳಗೇ ಇತ್ತು. ಕಡೆಯ ದಿನ ಹೋದ ವಾರವೇ ಮುಗಿದಿತ್ತು. ತಾಯಿ ಹಾಳೆ ತಿರುವಿದಳು.

“ಹಿಂದೆಲ್ಲ ಖಾಲಿ ಇದೆ. ಚಿಕ್ಕವಳು ಶಾಲೆಗೆ ಬಂದಾಗ ಆಗುತ್ತೆ,” ಎಂದು ದೊಡ್ಡವಳ ಹೆಸರು ತೆಗೆಸಲು ಒಳಗೆ ಹೋದಳು.