ನೀಲಿ ಬೇಡ, ಕೆಂಪೇ ತಗೋ ಭಾವ

...ಅಲ್ಲ, ಮಾತು ಪೂರ್ತಿ ಕೇಳು ಭಾವ. ಈ ಕೋಲಾರ ಸೀಮೆಗೆ ಮೊಟ್ಟಮೊದಲು ಒಂದು ಟ್ರ್ಯಾಕ್ಟರ್ ಬಂತಲ್ಲ, ಅದನ್ನ ಮದರಾಸಿನಿಂದ ಇಲ್ಲೀತನಕ ಓಡಿಸ್ಕೊಂಡು ಬಂದೋನು ಯಾರು ಅಂದ್ಕೊಂಡೆ? ನಾನು. ಈ ನರಸಿಂಹಪ್ಪ. ಒಬ್ಬನೇ. ಘಾಟಿ ಹತ್ತೋವಾಗ ಎದುರಿಗೆ ಬಂದ ಲಾರಿಯವರೆಲ್ಲ ಪಕ್ಕಕ್ಕೆ ನಿಲ್ಲಿಸಿ ಇಳಿದು ಕೈ ಮುಗಿದರು...

ಸರಿ, ಸುಳ್ಳು. ಯಾಕೆ ನಗ್ತೀಯ, ನಾನೇ ಒಪ್ಕೊಂಡೆನಲ್ಲ. ಓಡಿಸಿದೋನು ಬೇರೆ ಯಾರೋ. ನಾನು ಪಕ್ಕದಲ್ಲಿ ಕೂತಿದ್ದೆ. ಅದೂ ಮದರಾಸಿನಿಂದಲ್ಲ, ಮುಳಬಾಗಿಲಿಂದ. ಪಕ್ಕದಲ್ಲಿ ಅಂದ್ರೆ... ಹಿಂದೆ, ಟ್ರೈಲರಿನಲ್ಲಿ, ರಾಗಿ ಮೂಟೆ ಮೇಲೆ. ಮೊದಲನೇ ಟ್ರ್ಯಾಕ್ಟರೂ ಅದಲ್ಲ ಬಿಡು. ಈಗ ಸಮಾಧಾನವಾ? ಟ್ರ್ಯಾಕ್ಟರ್ ಹೊಗೆ ಕುಡಿದಿದ್ದೀನಿ, ಅದಂತೂ ನಿಜ. ಅಷ್ಟು ಸಾಕು ನಿನಗೆ ಬುದ್ಧಿ ಹೇಳೋಕೆ.

ಮುನಿಶಾಮಿ, ಇಲ್ಲಿ ಎರಡು ಟೀ. ನಮ್ಮ ಭಾವನಿಗೆ ಸಕ್ಕರೆ ಮುಂದಾಗಿರಲಿ, ಇವತ್ತು ದೊಡ್ಡ ಮನುಷ್ಯ ಆಗೋಕೆ ಬಂದಿದಾನೆ. ದೇವರಾಯಸಮುದ್ರದ ಕೋದಂಡರಾಮಪ್ಪ ಅಂದ್ರೆ ಸಾಮಾನ್ಯವಾ? ಎರಡೂವರೆ ಎಕರೆ ಜಮೀನ್ದಾರ!

ಕೋಪ ಮಾಡ್ಕೋಬೇಡ. ನಂದು ಇನ್ನೂ ಕಮ್ಮಿ, ಅದಕ್ಕೇ ನನಗೆ ಜಂಬ ಜಾಸ್ತಿ. ಕೂತ್ಕೋ, ಇಲ್ಲಿ, ಈ ಬೆಂಚಿನ ಮೇಲೆ. ಇಲ್ಲಿಂದ ಎರಡೂ ಅಂಗಡಿ ಕಾಣುತ್ತೆ. ಬಲಗಡೆ, ಬಾವುಟ ಕಟ್ಟಿದಾರಲ್ಲ, ಅದು ಕಿರೀಟಿ ಕಂಪನಿ, ಕೆಂಪು ಗಾಡಿ. ರಸ್ತೆ ಆಚೆ ನೀಲಿ ಗಾಡಿ, ಭೀಮಸೇನ. ಹೆಸರು ನೋಡು! ನಿನ್ನ ಸೊಂಟದ ಎತ್ತರ ಇದೆ, ಭೀಮಸೇನನಂತೆ. ಪಾಪ, ಆ ಅಂಗಡಿಯವನು ಗಿರಾಕಿ ಇಲ್ಲದೆ ಫ್ಯಾನ್ ಕೆಳಗೆ ನಿದ್ದೆ ಹೊಡೀತಿದಾನೆ. ಕೆಂಪಿನವನು ಟೈ ಕಟ್ಟಿದಾನೆ. ಹೋದ ತಕ್ಷಣ ಬಣ್ಣದ ಸೋಡಾ ಕೊಡ್ತಾನೆ, ಕ್ಯಾಲೆಂಡರ್ ಕೊಡ್ತಾನೆ, ಅಣ್ಣಾ ಅಂತಾನೆ. ನಿನ್ನನ್ನ ಹೆಂಡತಿಯಾದರೂ ಅಷ್ಟು ಮರ್ಯಾದೆಯಿಂದ ಕರೆದಿದಾಳಾ?

ಏನು? ಕಾಲಾ? ನನ್ನ ಕಾಲಿಗೇನಾಗಿದೆ? ಓ, ಧೂಳು. ಮೊದಲನೇ ಬಸ್ಸಿಗೆ ಬಂದೆನಲ್ಲ, ಅದು ಟಮಕದ ಹತ್ತಿರ ಕೆಟ್ಟು ನಿಂತಿತು. ಅಲ್ಲಿಂದ ನಡೆದೆ. ನೀನು ಬರೋವಾಗ ಯಾವ ಬಸ್ಸೂ ನಿಂತಿರಲಿಲ್ಲವಾ? ಸರಿ ಹೋಗಿರುತ್ತೆ. ನಮ್ಮ ಬಸ್ಸುಗಳಿಗೆ ನಾನು ಇಳಿದ ಮೇಲೇ ಬುದ್ಧಿ ಬರೋದು.

ಟೀ ಕುಡಿ, ಹೇಳ್ತೀನಿ. ಊರಿನಲ್ಲಿ ನಮ್ಮಿಬ್ಬರ ಬೇಸಾಯ ನೋಡಿ ಜನ ನಗ್ತಾರೆ, ಗೊತ್ತಲ್ಲ? ನಿನ್ನ ಕೊಟ್ಟಿಗೇಲಿ ಒಂದೆತ್ತು, ನನ್ನ ಕೊಟ್ಟಿಗೇಲಿ ಒಂದೆತ್ತು. ಎರಡನ್ನೂ ಒಂದು ನೊಗಕ್ಕೆ ಹೂಡಿ ಒಂದು ದಿನ ನಿನ್ನ ಹೊಲ, ಮಾರನೇ ದಿನ ನನ್ನ ಹೊಲ. ನಿನ್ನ ಕರಿಯ ಬಲಕ್ಕೆ, ನನ್ನ ಬಿಳಿಯ ಎಡಕ್ಕೆ. ಒಂದು ಸಲ ಅದಲುಬದಲು ಮಾಡಿ ತಮಾಷೆ ನೋಡಿದೆನಲ್ಲ, ಎರಡೂ ಹೊಲದ ಮಧ್ಯೆ ಕಲ್ಲಿನ ಬಸವಣ್ಣನ ಹಾಗೆ ನಿಂತವು. ನೀನು ಮಧ್ಯಾಹ್ನದ ತನಕ ನನ್ನನ್ನ ಬೈದೆ. ಎತ್ತಿಗೆ ಒಂದು ಮಾತೂ ಅನ್ನಲಿಲ್ಲ. ಇಷ್ಟು ವರ್ಷ ಹೀಗೇ ನಡೀತು. ಆದ್ರೆ ಈ ಕಾಲದಲ್ಲೂ ಅದೇನಾ? ನಮ್ಮ ಪಂಚಾಯ್ತಿ ಆಫೀಸಿಗೂ ಟೀವಿ ಬಂತು ಮಾರಾಯ. ನೀನೊಬ್ಬ ಇನ್ನೂ ಎತ್ತಿನ ಬಾಲ ಹಿಡ್ಕೊಂಡಿದೀಯ.

ಗೊತ್ತು, ಗೊತ್ತು. ನೋಡೋಕೆ ಮಾತ್ರ ಬಂದಿರೋದು. ನಿನ್ನೆ ನಾನೇ ಹಾಗಂದೆ. ನೋಡಿದ್ದೀಯಲ್ಲ, ಈಗ ಹೇಳು. ಬೇಡ, ಹೇಳಬೇಡ, ನಾನೇ ಹೇಳ್ತೀನಿ. ಕೆಂಪೇ ತಗೋಬೇಕು. ಕಣ್ಣು ಮುಚ್ಕೊಂಡು ತಗೋ. ಆ ನೀಲೀದು ಒಂದು ಗಾಡಿನಾ? ಸಂಕ್ರಾಂತಿಗೆ ಮಕ್ಕಳಿಗೆ ಕೊಡಿಸೋ ಆಟದ ಸಾಮಾನು. ಕೂತರೆ ಮಂಡಿ ಗಲ್ಲಕ್ಕೆ ತಗುಲುತ್ತೆ. ಶಬ್ದವೂ ಇಲ್ಲ. ಟ್ರ್ಯಾಕ್ಟರ್ ತಂದಿದೀಯ ಅಂತ ಪಕ್ಕದ ಮನೆಯವರಿಗೂ ಗೊತ್ತಾಗಲ್ಲ, ಹೋಗಿ ಹೇಳಿ ಬರಬೇಕು. ಮತ್ತೆ ಎಷ್ಟು ಸಣ್ಣಗೆ ಮಾಡಿದಾರೆ ಅಂದ್ರೆ, ಹಿಪ್ಪುನೇರಳೆ ಸಾಲುಗಳ ಮಧ್ಯೆ ಒಂದು ಗಿಡಕ್ಕೂ ತಗುಲದೆ ಈ ಕಡೆ ಹೊಕ್ಕು ಆ ಕಡೆ ಬರುತ್ತೆ. ನಾಚಿಕೆಗೇಡು. ಗಂಡಸು ಓಡಿಸೋ ಗಾಡಿ ಅಂದ್ರೆ ನಾಲ್ಕು ಗಿಡವಾದರೂ ಮುರೀಬೇಡವಾ?

ಕೆಂಪು ನೋಡು, ಹೇಗೆ ಎದೆ ಉಬ್ಬಿಸಿ ನಿಂತಿದೆ! ನಮ್ಮ ಚನ್ನರಾಯಪ್ಪ ಎರಡು ವರ್ಷದ ಹಿಂದೆ ತಂದನಲ್ಲ, ಕೆರೆ ಕೋಡಿ ಹತ್ತಿರದವನು. ಅವನೇನು ಕೆಟ್ಟು ಹೋದನಾ? ಒಂದು ಸಣ್ಣ ವಿಷಯ ನಡೀತು, ಅಷ್ಟೆ. ಗಾಡಿ ತಂದ ದಿನ ಪೂಜೆ ಇಟ್ಟ. ಎಲ್ಲಿ ನಿಲ್ಲಿಸಿದ? ಹುಳುಮನೆ ಬಾಗಿಲಿಗೆ ಎದುರಾಗಿ. ಒಳಗೆ ರೇಷ್ಮೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟು, ಜ್ವರದಿಂದ ಎದ್ದು ಗಬಗಬ ಸೊಪ್ಪು ತಿನ್ನೋ ಹೊತ್ತು. ಅವನ ಹೆಂಡತಿ ಮುನಿಗಂಗಮ್ಮ ಬೀಡಿ ಸೇದಿದ ಬಾಯಿ ತೊಳೆಯದೆ ಅಲ್ಲಿಗೆ ಯಾರನ್ನೂ ಬಿಡದವಳು, ಅಂಥವಳು ಅವತ್ತು ಹೊಸ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದಾಳೆ. ಪೂಜಾರಪ್ಪ ಬರೋದು ತಡ ಆಯ್ತು. ಇವನು ನಾಲ್ಕು ಜನ ನೋಡಲಿ ಅಂತ ಇಂಜಿನ್ನು ಆರಿಸಲೇ ಇಲ್ಲ. ನಿಂಬೆಹಣ್ಣು ಚಕ್ರದ ಕೆಳಗೆ, ಹೊಗೆ ಹುಳುಮನೆ ಒಳಗೆ. ಸಾಯಂಕಾಲ ನೋಡಿದರೆ ಹುಳುವೆಲ್ಲ ತಲೆ ಎತ್ತಿ ಸುಮ್ಮನೆ ಕೂತಿವೆ. ಸೊಪ್ಪು ಮುಟ್ಟಲ್ಲ. ಆ ಬೆಳೆ ಪೂರ್ತಿ ಗುಂಡಿಗೆ ಹೋಯ್ತು. ಮುನಿಗಂಗಮ್ಮ ಇವತ್ತಿಗೂ ಆ ಗಾಡಿಗೆ ಅರಿಶಿನ ಕುಂಕುಮ ಇಡಲ್ಲ.

ಅದು ಗಾಡಿ ತಪ್ಪಲ್ಲಪ್ಪ. ಹೊಗೆ ಎಲ್ಲ ಗಾಡಿಗೂ ಇರುತ್ತೆ. ಕೆಂಪು ಸ್ವಲ್ಪ ಅಗಲ, ತೋಟದ ಒಳಗೆ ಹೋಗಲ್ಲ, ಅದೊಂದೇ. ಅದಕ್ಕೆ ಚನ್ನರಾಯಪ್ಪ ಏನು ಮಾಡಿದ ಗೊತ್ತಾ? ಸಾಲು ಬಿಟ್ಟು ಸಾಲು ಹಿಪ್ಪುನೇರಳೆ ಕಿತ್ತು ಹಾಕಿ ಗಾಡಿಗೆ ದಾರಿ ಮಾಡಿಕೊಟ್ಟ. ಈಗ ಗಾಡಿ ಆರಾಮಾಗಿ ಓಡಾಡುತ್ತೆ. ಹುಳುವಿಗೆ ಸೊಪ್ಪಿಲ್ಲ, ಇರಲಿ, ಗಾಡಿಗೆ ಜಾಗ ಇದೆಯಲ್ಲ!

ಅವನು ಎತ್ತು ಮಾರಿದ್ದು ಇನ್ನೂ ದೊಡ್ಡ ನಾಟಕ. ಕೊಂಡವನು ಶ್ರೀನಿವಾಸಪುರದ ಕಡೆಯವನು, ಹೊಸ ಹಗ್ಗ ತರೋದು ಮರೆತಿದ್ದ. ಇವನು ಹಳೇದು ಬಿಡಲ್ಲ. ಎತ್ತು ಹೊಡ್ಕೊಂಡು ಹೋಗು, ಹಗ್ಗ ಕೊಟ್ಟರೆ ಅದರ ಜೊತೆ ಕೊಟ್ಟಿಗೆ ಲಕ್ಷ್ಮೀನೂ ಹೋಗ್ತಾಳೆ ಅಂತ ಸಂತೆ ಮಧ್ಯೆ ರಂಪ. ಕೊನೆಗೆ ಬಿಚ್ಚಿಸ್ಕೊಂಡು, ಮಗು ಥರ ಕಂಕುಳಲ್ಲಿ ಇಟ್ಕೊಂಡು ಊರಿಗೆ ಬಂದ. ಕಣ್ಣಲ್ಲಿ ನೀರು ಬೇರೆ. ನಾನಾಗಿದ್ದರೆ ಆ ಹಳೇ ಹಗ್ಗನ ಅಲ್ಲೇ ಚರಂಡಿಗೆ ಎಸೆದು, ಒಂದು ಮಸಾಲೆದೋಸೆ ತಿಂದು ಬರ್ತಿದ್ದೆ. ಎತ್ತು ಅಂದ್ರೆ ಎತ್ತು. ಹಗ್ಗ ಅಂದ್ರೆ ಹಗ್ಗ. ಅದಕ್ಯಾಕೆ ಅಷ್ಟೊಂದು...

ಏ, ಚೀಲ ಸರಿಸಬೇಡ, ಅಲ್ಲೇ ಇರಲಿ. ಏನಿಲ್ಲ, ನಿನ್ನ ತಂಗಿ ಹೇಳಿದ್ದ ಸಾಮಾನು. ಸೀಗೆಕಾಯಿ, ಅದೂ ಇದೂ. ಭಾರ ಇದೆಯಾ? ಅಶ್ವತ್ಥಮ್ಮನ ಕೂದಲು ನೋಡಿಲ್ಲವಾ ನೀನು?

ಸರಿ, ಹೇಳು ಈಗ. ಯಾವುದು? ನಾನಂತೂ ನನ್ನ ಅಭಿಪ್ರಾಯ ಹೇಳಾಯ್ತು. ಕೆಂಪು, ಕೆಂಪು, ಕೆಂಪು. ನಿನಗೆ ಇಷ್ಟ ಇಲ್ಲದೆ ಇರಬಹುದು. ನಾನು ಹೇಳಿದ್ದು ನೀನು ಯಾವತ್ತು ಕೇಳಿದ್ದೀಯ? ಮಳೆ ಬರುತ್ತೆ ಭಾವ ಅಂದ್ರೆ ಅವತ್ತೇ ರಾಗಿ ಒಣಗ ಹಾಕ್ತೀಯ. ಹುಣಸೇಮರದ ಹತ್ತಿರ ಬೋರ್‌ವೆಲ್ ಬೇಡ ಅಂದೆ, ಅಲ್ಲೇ ಕೊರೆಸಿದೆ, ನನ್ನ ಮರ್ಯಾದೆ ಕಳೆಯೋಕೆ ನೀರೂ ಬಂತು. ಹಾಗಾಗಿ ನೀನು ನೀಲೀನೇ ಬೇಕು ಅಂತ ಹಟ ಹಿಡಿದರೆ ನನಗೇನೂ ಬೇಜಾರಿಲ್ಲ. ಬಯ್ಯಲ್ಲ. ಹೇಳು, ನೀಲಿ ಅನ್ನು...

ಏನಂದೆ?

ಕೆಂಪಾ?

ಇಲ್ಲ, ಇಲ್ಲ... ಸರಿಯಾಗಿ ಕೇಳಿಸಲಿಲ್ಲ, ಬಸ್ಸು ಹೋಯ್ತು. ಕೆಂಪಾ? ಯಾಕೆ? ನಾನು ಹೇಳಿದೆ ಅಂತಲಾ? ನಾನು ಹೇಳಿದ್ದಕ್ಕೆಲ್ಲ ಒಪ್ಪಿಬಿಡೋದಾ? ಇಷ್ಟು ವರ್ಷದಲ್ಲಿ ಇಲ್ಲದ್ದು ಇವತ್ತೇ ಯಾಕೆ ನನ್ನ ಮಾತಿನ ಮೇಲೆ ನಂಬಿಕೆ ಬಂತು ನಿನಗೆ? ಮೈ ಹುಷಾರಿದೆ ತಾನೇ?

ಇರು, ಏಳಬೇಡ. ಟೈಯವನು ಎಲ್ಲಿಗೂ ಓಡಿ ಹೋಗಲ್ಲ. ಸ್ವಲ್ಪ ಯೋಚನೆ ಮಾಡು ಭಾವ. ಆ ನೀಲೀದು... ನಿಜ ಹೇಳಬೇಕಂದ್ರೆ ಅಷ್ಟು ಕೆಟ್ಟದಲ್ಲ. ಸಣ್ಣದು, ಹೌದು, ನಮ್ಮ ಹೊಲವೇನು ದೊಡ್ಡದಾ? ಕೆಂಪು ತಿರುಗಿಸಬೇಕು ಅಂದ್ರೆ ಪಕ್ಕದವನ ಹೊಲಕ್ಕೆ ಹೋಗಿ ತಿರುಗಿಸ್ಕೊಂಡು ಬರಬೇಕು. ನೀಲಿ ನಿಂತ ಜಾಗದಲ್ಲೇ ತಿರುಗುತ್ತೆ. ಡೀಸೆಲ್ಲೂ ಸ್ವಲ್ಪವೇ ಕುಡಿಯೋದು. ಹಿಪ್ಪುನೇರಳೆ ಒಂದು ಗಿಡ ಕೀಳಬೇಕಾಗಿಲ್ಲ. ಬದು ಕೆಡಲ್ಲ. ಆಟದ ಸಾಮಾನು ಅಂದೆನಾ? ಅಂದಿರಬಹುದು. ನನ್ನ ಮಾತು ಹಿಡ್ಕೊಂಡು ಯಾರಾದರೂ ಟ್ರ್ಯಾಕ್ಟರ್ ತಗೋತಾರಾ? ನಾನು ಯಾರು ಅಂತ ಗೊತ್ತಿಲ್ಲವಾ ನಿನಗೆ?

ಯಾಕೆ ಲೋಟ ಕೆಳಗಿಟ್ಟೆ?

ಟೀ ಆರಿಹೋಗ್ತಿದೆ. ಕೆನೆ ಕಟ್ಟಿತು ನೋಡು. ಭಾವ... ನಗು. ಇಷ್ಟೊತ್ತು ನಗ್ತಿದ್ದೆಯಲ್ಲ. ಏನಾದ್ರೂ ಬೈಯಾದರೂ ಬೈ. ಎಲ್ಲಿ ನೋಡ್ತಿದೀಯ ನೀನು? ಚೀಲ ಯಾಕೆ ನೋಡ್ತಿದೀಯ? ಸೀಗೆಕಾಯಿ ಅಂತ ಹೇಳಿದೆನಲ್ಲ...

ಓ.

ಹಗ್ಗದ ತುದಿ ಹೊರಗೆ ಬಂದಿದೆ.

ಯಾವಾಗಿಂದ ಕಾಣಿಸ್ತಿತ್ತು ನಿನಗೆ? ಬಂದು ಕೂತಾಗಿಂದಲಾ?

ಹೋದ ಸಂಕ್ರಾಂತಿಗೆ ನೀನೇ ಕೂತು ಹೊಸೆದದ್ದು. ಕರಿಯನಿಗೊಂದು, ಬಿಳಿಯನಿಗೊಂದು. ಅಶ್ವತ್ಥಮ್ಮನ ಹಳೇ ಹಸಿರು ಸೀರೆ ಅಂಚು ಹರಿದು ಮಧ್ಯೆ ಸೇರಿಸಿ ಹೊಸೆದೆ. ಅದು ನಿನಗೆ ಗುರುತು ಸಿಗದೆ ಇರುತ್ತಾ? ಅಂದ್ರೆ... ಆ ಕೆಂಪು ಅಂದದ್ದು? ನನ್ನನ್ನೇ ಆಡಿಸಿದೆಯಾ? ಇಷ್ಟೊತ್ತು? ಭಾವ, ನೀನು ಊರಿಗೆಲ್ಲ ಸಾಧು ಅನ್ನಿಸ್ಕೊಂಡು ಓಡಾಡೋನು...

ಆಯ್ತು, ಬಸ್ಸಿಗೆ ಬರಲಿಲ್ಲ. ನಡುರಾತ್ರಿ ಎದ್ದು ನಡೆದೇ ಬಂದೆ, ಬಿಳಿಯನನ್ನ ಸಂತೆಗೆ ಹೊಡ್ಕೊಂಡು. ಬಿಳಿಯನ ಹೆಗಲು ನೀನೂ ನೋಡಿದ್ದೀಯ. ಹುಣ್ಣು ಮಾಯೋದು, ನೊಗ ಇಟ್ಟರೆ ಮತ್ತೆ ಕೀಳೋದು. ಹೋದ ಮುಂಗಾರಿಗೆ ಅದು ಅರ್ಧ ಹೊಲಕ್ಕೇ ಮಲಗ್ತಿತ್ತು. ನೀನು ನೋಡಿಯೂ ನೋಡದ ಹಾಗೆ ನೊಗಕ್ಕೆ ನೇಗಿಲನ್ನ ಕರಿಯನ ಕಡೆಗೆ ಜರುಗಿಸಿ ಕಟ್ತಿದ್ದೆ, ಭಾರವೆಲ್ಲ ಅದರ ಮೇಲೆ ಬೀಳೋ ಹಾಗೆ. ನನಗೆ ಕಾಣಲ್ಲ ಅಂದ್ಕೊಂಡಿದ್ದೆಯಾ? ಕೇಳಿದ್ದರೆ ಮಾರಬೇಡ ಅಂತಿದ್ದೆ. ಇನ್ನೊಂದು ವರ್ಷ ನೋಡೋಣ ಅಂತಿದ್ದೆ. ಅದಕ್ಕೇ ಕೇಳಲಿಲ್ಲ.

ಮಾಲೂರು ಕಡೆಯವನು ತಗೊಂಡ. ಗಾಡಿಗೆ ಕಟ್ಟಲ್ಲ, ಗಾಣಕ್ಕೂ ಕಟ್ಟಲ್ಲ, ತೋಟದ ಹಗುರ ಕೆಲಸಕ್ಕೆ ಅಂದ. ಸುಳ್ಳೋ ನಿಜವೋ. ನಾನು ಹೇಳೋ ಥರಾನೇ ಹೇಳಿದ, ಅದೇ ಭಯ. ಹೋಗೋವಾಗ ಅದು ಬಲಗಡೆ ತಿರುಗಿ ತಿರುಗಿ ನೋಡ್ತಿತ್ತು. ಕರಿಯ ಇರೋ ಕಡೆ. ನಾನೇನು ಅಳಲಿಲ್ಲ. ಸಂತೆಯಲ್ಲಿ ಧೂಳು ಜಾಸ್ತಿ.

ಮಸಾಲೆದೋಸೇನೂ ತಿನ್ನಲಿಲ್ಲ. ಕೊಂಡವನ ಜೊತೆ ಜಗಳ ಆಡಿದೆ, ಈ ಹಗ್ಗಕ್ಕೆ.

ಬಂದ ದುಡ್ಡಾ? ಅಲ್ಲಿದೆ. ರಸ್ತೆ ಆಚೆ. ಆ ನಿದ್ದೆ ಹೊಡೀತಿರೋನ ಪೆಟ್ಟಿಗೇಲಿ. ಬೆಳಗ್ಗೇನೇ ಅವನನ್ನ ಎಬ್ಬಿಸಿ ನೀಲಿಗೆ ಮುಂಗಡ ಕೊಟ್ಟೆ. ಇಬ್ಬರ ಹೆಸರಿಗೂ. ನಿನ್ನ ಹೆಸರು ಮೊದಲು ಬರೆಸಿದ್ದೀನಿ. ನೀನು ಹೇಗೂ ನನ್ನ ಮಾತಿಗೆ ಉಲ್ಟಾ ಹೋಗ್ತೀಯ, ಕೆಂಪು ಹೊಗಳಿದರೆ ನೀಲಿ ಅಂತೀಯ, ನೀನೇ ಆರಿಸಿದ ಹಾಗಾಗುತ್ತೆ ಅಂದ್ಕೊಂಡೆ. ಇಲ್ಲ ಅಂದ್ರೆ ಮಳೆ ಬರೋ ಹೊತ್ತಿಗೆ ನಿನ್ನ ಹತ್ತಿರ ಒಂಟಿ ಎತ್ತು, ನನ್ನ ಹತ್ತಿರ ಬರೀ ಹಗ್ಗ. ನಿನ್ನ ರಾಗಿ ಬಿತ್ತನೆ ಹೋದರೆ ನಿನ್ನ ತಂಗಿ ನನ್ನನ್ನ ಮನೆ ಒಳಗೆ ಬಿಡ್ತಾಳಾ?

ಭಾವ, ನೀಲಿ ಬೇಡ ಅಂದ್ರೆ ಬೇಡ ಅನ್ನು. ಅವನು ಮುಂಗಡ ವಾಪಸ್ಸು ಕೊಡಲ್ಲ, ಆದ್ರೂ ಅನ್ನು.

ಎದ್ದೆಯಾ? ಹಗ್ಗ ಯಾಕೆ ತಗೋತಿದೀಯ? ಅದು ನಂದು... ಸರಿ, ನೀನೇ ಹೊಸೆದದ್ದು, ಇಟ್ಕೋ. ಕೊಟ್ಟಿಗೇಲಿ ಕರಿಯನ ಪಕ್ಕ ನೇತು ಹಾಕ್ತೀಯಾ? ಹಾಕು. ಎಡಗಡೆ ಹಾಕು.

ಎಲ್ಲಿಗೆ ಹೋಗ್ತಿದೀಯ? ಬಸ್‌ಸ್ಟ್ಯಾಂಡ್ ಈ ಕಡೆ. ಕೆಂಪು ಆ ಕಡೆ... ಓ. ರಸ್ತೆ ದಾಟ್ತೀಯಾ? ನೀಲಿ ಅಂಗಡಿಗಾ?

ಬಂದೆ, ನಾನೂ ಬಂದೆ, ನಿಲ್ಲು. ಅವನನ್ನ ಮೆಲ್ಲಗೆ ಎಬ್ಬಿಸು, ಗಾಬರಿ ಆಗ್ತಾನೆ. ಭಾವ, ಒಂದು ನಿಮಿಷ. ಈ ಮುನಿಶಾಮಿ ನನ್ನ ತೋಳು ಹಿಡ್ಕೊಂಡಿದಾನೆ. ನನ್ನ ಜೇಬು ನೋಡು, ಬೇಕಾದರೆ ಒದರಿ ತೋರಿಸ್ತೀನಿ. ಇದೊಂದು ಸುಳ್ಳಲ್ಲ. ನಿಂದು ನೀನು ಕುಡಿಯಲೇ ಇಲ್ಲ, ಗೊತ್ತು. ಆದರೂ... ನನ್ನ ಟೀ ದುಡ್ಡಾದರೂ ಕೊಟ್ಟು ಹೋಗು.