ಅತ್ತೆಯ ರುಜು

ಶಿಶುವಿಹಾರದ ಹೊರಗಿನ ಬೆಂಚಿನ ಮೇಲೆ ಮೊಮ್ಮಗಳಿಗಾಗಿ ಕಾಯುತ್ತ, ಬಾಯಿಪಾಠದ ಪದ್ಯವೊಂದನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ನನಗೆ ಪರಿಚಯವಿಲ್ಲದ ಇಬ್ಬರು: ನರ್ಸಿನ ಸಮವಸ್ತ್ರದಲ್ಲೇ ಬಂದಿದ್ದ ಸೊಸೆ, ಅವಳ ಅತ್ತೆ. ಟೀಚರು ದಿನವೂ ಮನೆಗೆ ಬರೆದು ಕಳಿಸುವ ಪುಸ್ತಕ ಸೊಸೆಯ ತೊಡೆಯ ಮೇಲಿತ್ತು.

“ಪುಟ್ಟೀನ ಎಳೇ ಮಕ್ಕಳ ಕೋಣೇಲಿ ಕೂರಿಸಿದಾರಲ್ಲ, ಯಾಕತ್ತೆ?”

“ನಂಗೇನು ಗೊತ್ತಮ್ಮ.”

“ಇಲ್ಲಿ ಹೋದ ವಾರವೇ ಬರೆದಿದಾರೆ ನೋಡಿ. ಪುಟ್ಟಿ ಬಾಯೇ ಬಿಡಲ್ಲ, ಸ್ವಲ್ಪ ದಿನ ಚಿಕ್ಕೋರ ಜೊತೆ ಬಿಡೋಣ, ಒಪ್ಪಿಗೆ ಇದ್ರೆ ರುಜು ಹಾಕಿ ಅಂತ. ಕೆಳಗೆ ನಿಮ್ಮ ರುಜು ಇದೆ.”

“ದಿನಾ ಹಾಕ್ತೀನಲ್ಲೇ. ಟೀಚರ್ ಬರೆದಿದ್ರ ಕೆಳಗೆ ಹಾಕ್ತಿರಿ ಅಂತ ನೀನೇ ಅಲ್ವಾ ಕಲಿಸಿದ್ದು?”

“ಓದಿಸ್ಕೊಂಡು ಹಾಕೋದಲ್ವಾ?”

“ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರ್ತೀಯ. ಎಬ್ಬಿಸಿ ಓದು ಅನ್ಲಾ?”

ಸೊಸೆ ಬರೆದದ್ದನ್ನು ಇನ್ನೊಮ್ಮೆ ಓದಿದಳು. ಆಮೇಲೆ ಕೇಳಿದಳು.

“ಮನೇಲಿ ಅರಳು ಹುರಿದ ಹಾಗೆ ಮಾತಾಡ್ತಾಳೆ. ಇವರು ಹೇಳ್ತಿರೋದು ನಮ್ಮ ಪುಟ್ಟೀನೇನಾ?”

“ನಿನ್ನೆ ಏನು ಬರೆದಿದಾರೆ, ನೋಡು.”

“ಚಿಕ್ಕೋರಿಗೆಲ್ಲ ಕಥೆ ಹೇಳ್ತಾಳಂತೆ. ಬಾಯಿಗೆ ಬೀಗವೇ ಇಲ್ವಂತೆ.”

“ಒಳ್ಳೇದಾಯ್ತಲ್ಲ ಮತ್ತೆ.”

“ಒಳ್ಳೇದೋ ಕೆಟ್ಟದ್ದೋ. ಈಗ ಹಳೇ ಕೋಣೆಗೇ ಕಳಿಸಿ ಅನ್ಲಾ, ಇಲ್ಲೇ ಇರ್ಲಿ ಅನ್ಲಾ?”

ಬಾಗಿಲು ತೆರೆಯಿತು. ಟೀಚರು ಪುಟ್ಟಿಯ ಮನೆಯವರನ್ನು ಕರೆದರು.

“ನೀನು ಹೋಗಮ್ಮ. ತಾಯಿ ನೀನು.”

“ನೀವೂ ಬನ್ನಿ ಅತ್ತೆ. ಪುಟ್ಟಿ ಮನೇಲಿ ಹೇಗಿರ್ತಾಳೆ ಅಂತ ಕೇಳಿದ್ರೆ ನಾನೇನು ಹೇಳ್ಲಿ? ಅವಳಿದ್ದಾಗೆಲ್ಲ ನಾನು ನಿದ್ದೆಲಿರ್ತೀನಿ.”

ಇಬ್ಬರೂ ಒಳಗೆ ಹೋದರು.